ವಿಜಯನಗರದ ಕುಳ್ಳಾಯಿ: ಒಂದು ಶಿರೋವೇಷದ ಶೋಧ ಮತ್ತು ಪುನಾರಚನೆ

ಉಡುಗೆ ತೊಡುಗೆಗಳಲ್ಲಿ ತಲೆಯ ಮೇಲಿನದಕ್ಕೆ ನಮ್ಮ ಜನ ಕೊಟ್ಟಿರುವ ಮಾನ ಮತ್ತಾವುದಕ್ಕೂ ಇಲ್ಲ. ಗಣ್ಯರು ಬಂದರೆ ಪೇಟ ತೊಡಿಸಿ ಸನ್ಮಾನಿಸುತ್ತೇವೆ. ಮದುಮಗನ ಹಣೆಗೆ ಬಾಸಿಂಗ ಕಟ್ಟುತ್ತೇವೆ. ಹಿರಿಯರ ಎದುರಿಗೆ ಬರಿತಲೆಯಲ್ಲಿ ನಿಲ್ಲಬಾರದೆಂಬ ಶಿಷ್ಟಾಚಾರವು ನಮ್ಮ ತಂದೆಯವರ ಕಾಲದವರೆಗೂ ಹಳ್ಳಿಗಳಲ್ಲಿ ಬಾಳಿತ್ತು. ಅದೇ ಕನ್ನಡದಲ್ಲಿ ‘ಟೋಪಿ ಹಾಕು’ ಎಂದರೆ ವಂಚಿಸು ಎಂಬ ಅರ್ಥವೂ ಉಂಟು. ಪ್ರಕೃತ ಲೇಖನದ ವಿಷಯವು ವಿಜಯನಗರದ ಅರಸರೂ ಅಧಿಕಾರಿಗಳೂ ಧರಿಸುತ್ತಿದ್ದ ‘ಕುಳ್ಳಾಯಿ’ ಎಂಬ ಎತ್ತರದ ಟೊಪ್ಪಿಗೆ. ಅದನ್ನು ಬರಹಗಳಲ್ಲಿ ಹುಡುಕಿ, ಚಿತ್ರಶಿಲ್ಪಗಳಲ್ಲಿ ಕಂಡು, ಕೊನೆಗೆ ನಮ್ಮ ಶಾಲೆಯ ಮಕ್ಕಳ ಕೈಯಿಂದಲೇ ಹೊಲಿಸಿ ನೋಡಿದ ಪ್ರಯತ್ನದ ವಿವರ ಇಲ್ಲಿದೆ. ಅದರ ಜೊತೆಗೆ, ಬಹುಕಾಲ ನಾನು ತಿಳಿಯದೆ ಮಾಡಿಕೊಂಡು ಬಂದ ಒಂದು ತಪ್ಪಿನ ನಿವೇದನೆಯೂ ಇದೆ.

೧. ಪ್ರಶ್ನೆ ಹುಟ್ಟಿದ ಬಗೆ

ವಾರ್ಷಿಕೋತ್ಸವದಲ್ಲಿ ಶ್ರೀಕೃಷ್ಣದೇವರಾಯನ ಆಸ್ಥಾನದ ನಾಟಕವನ್ನು ಮಕ್ಕಳಿಂದ ಆಡಿಸುವುದು, ನಾನು ಸೇವೆಗೆ ಸೇರಿದಂದಿನಿಂದ ನನ್ನ ಪಾಲಿಗೆ ಬಂದ ಕೆಲಸ. ರಾಯನ ಪಾತ್ರಧಾರಿಗೆ ಒಂದು ರಟ್ಟಿನ ಕಿರೀಟವಿತ್ತು. ಅದಕ್ಕೆ ಬಂಗಾರದ ಬಣ್ಣದ ಬೇಗಡೆ, ಗಾಜಿನ ಹರಳು, ತುದಿಯಲ್ಲೊಂದು ನವಿಲುಗರಿ. ವರ್ಷ ವರ್ಷವೂ ಅದನ್ನು ಪೆಟ್ಟಿಗೆಯಿಂದ ತೆಗೆದು, ಕಿತ್ತುಹೋದ ಬೇಗಡೆಯನ್ನು ಮತ್ತೆ ಅಂಟಿಸಿ, ಹೊಸ ಹುಡುಗನ ತಲೆಗೆ ಇಡುತ್ತಿದ್ದೆ. ಕಿರೀಟ ಒಂದೇ, ತಲೆಗಳು ಮಾತ್ರ ಬೇರೆ. ಅರಸನೆಂದರೆ ಕಿರೀಟ ಎಂಬುದು ನನ್ನ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಅದು ಪರಿಶೀಲಿಸಬೇಕಾದ ಸಂಗತಿಯೆಂದೇ ತೋರಿರಲಿಲ್ಲ.

ಒಂದು ವರ್ಷ ಮಕ್ಕಳನ್ನು ಲೇಪಾಕ್ಷಿಗೆ ಪ್ರವಾಸ ಕರೆದೊಯ್ದಿದ್ದೆವು. ಆಂಧ್ರಪ್ರದೇಶದಲ್ಲಿ, ಹಿಂದೂಪುರದ ಸಮೀಪದಲ್ಲಿರುವ ಈ ಊರಿನ ವೀರಭದ್ರ ದೇವಾಲಯವನ್ನು ಅಚ್ಯುತರಾಯನ (೧೫೨೯–೧೫೪೨) ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಬೆಳೆಸಿದರೆಂಬುದು ಪ್ರಸಿದ್ಧವಾಗಿದೆ. ಮಂಟಪದ ಒಳಮಾಳಿಗೆಯ ತುಂಬ ಆ ಕಾಲದ ವರ್ಣಚಿತ್ರಗಳಿವೆ. ಪಾರ್ವತೀಕಲ್ಯಾಣ, ಕಿರಾತಾರ್ಜುನರ ಯುದ್ಧ, ಕರುವಿಗಾಗಿ ಮಗನನ್ನೇ ದಂಡಿಸಿದ ಚೋಳರಾಜನ ಕಥೆ ಇವುಗಳ ನಡುವೆ ಆ ಸಹೋದರರೂ ಅವರ ಪರಿವಾರವೂ ಕೈಮುಗಿದು ನಿಂತಿರುವ ಚಿತ್ರವೂ ಉಂಟು. ಅದನ್ನು ತಲೆಯೆತ್ತಿ ನೋಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಸರ, ಇವರೆಲ್ಲಾ ಎತ್ತರದ ಟೊಪಗಿ ಹಾಕ್ಯಾರ. ನಮ್ಮ ನಾಟಕದಾಗ ರಾಯಗ ಕಿರೀಟ ಯಾಕ ಹಾಕ್ತೀರಿ?” ಎಂದು ಕೇಳಿದಳು.

“ಇವರು ಅರಸರಲ್ಲವಮ್ಮ, ಅರಸನ ಅಧಿಕಾರಿಗಳು” ಎಂದು ನಾನು ಹೇಳಿದೆ. ಮಾತು ಸುಳ್ಳಲ್ಲ, ಆದರೆ ನುಣುಚಿಕೊಳ್ಳುವ ಮಾತು. ಅವಳು ಬಿಡಲಿಲ್ಲ. “ಹಂಗಾದ್ರ ಅರಸರ ಚಿತ್ರ ಎಲ್ಲೈತ್ರಿ ಸರ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತಿರುಮಲೆಯಲ್ಲಿ ಕೃಷ್ಣದೇವರಾಯನ ಲೋಹಪ್ರತಿಮೆಯ ಮುಂದೆ ನಾನೇ ಅನೇಕ ಸಲ ಹಾದುಹೋಗಿದ್ದೆ. ಆ ತಲೆಯ ಮೇಲೆ ಏನಿದೆಯೆಂದು ನೆನಪಿಸಿಕೊಳ್ಳಲು ಯತ್ನಿಸಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಶಾಲೆಯ ರಟ್ಟಿನ ಕಿರೀಟವೇ. ಕಲಿಸುವವನ ಕಣ್ಣಿಗೆ ರೂಢಿಯು ಕವಿಸುವ ಪೊರೆ ಎಂಥದೆಂಬುದು ಅಂದು ತಿಳಿಯಿತು.

೨. ಶಬ್ದಪ್ರಮಾಣ

ಹತ್ತಿಯೂ ರೇಷ್ಮೆಯೂ ನಮ್ಮ ನಾಡಿನ ಮಳೆ ಬಿಸಿಲುಗಳಿಗೆ ಶತಮಾನಗಳ ಕಾಲ ಎದುರು ನಿಲ್ಲುವ ವಸ್ತುಗಳಲ್ಲ. ಕಲ್ಲಿನ ಮಂಟಪ ಉಳಿಯುತ್ತದೆ. ಅದರಲ್ಲಿ ಕುಳಿತವನ ಉಡುಪು ಮಣ್ಣಾಗುತ್ತದೆ. ಆದುದರಿಂದ ಇಂಥ ಶೋಧಕ್ಕೆ ಹೊರಡುವವನು ಬೇರೆ ಸಾಕ್ಷಿಗಳನ್ನು ಕೂಡಿಸಿಕೊಳ್ಳಬೇಕು. ನಮ್ಮ ತಾರ್ಕಿಕರು ಹೇಳುವ ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರೂ ಇಲ್ಲಿ ಕೆಲಸಕ್ಕೆ ಬಂದವು. ಪಂಡಿತನಾದ ನಾನು ಸಹಜವಾಗಿಯೇ ಶಬ್ದದಿಂದ ಮೊದಲುಮಾಡಿದೆ.

ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರಲ್ಲಿ ಇಬ್ಬರ ಬರಹಗಳು ಇಲ್ಲಿ ಮುಖ್ಯವಾದವು. ಡೊಮಿಂಗೊ ಪಾಯೆಸ್ ಎಂಬಾತ ಸುಮಾರು ೧೫೨೦ರಲ್ಲಿ, ಅಂದರೆ ಕೃಷ್ಣದೇವರಾಯನ ಆಳಿಕೆಯಲ್ಲೇ, ರಾಜಧಾನಿಯನ್ನು ಕಣ್ಣಾರೆ ಕಂಡವನು. ಫೆರ್ನಾವೊ ನೂನಿಜ್ ಎಂಬ ಕುದುರೆ ವ್ಯಾಪಾರಿ ಅಚ್ಯುತರಾಯನ ಕಾಲದಲ್ಲಿ, ಸುಮಾರು ೧೫೩೫ರ ವೇಳೆಗೆ, ಅಲ್ಲಿದ್ದವನು. ಇವರ ಬರಹಗಳನ್ನು ಡೇವಿಡ್ ಲೋಪೆಸ್ ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದರು. ರಾಬರ್ಟ್ ಸಿವೆಲ್ ೧೯೦೦ರಲ್ಲಿ ಪ್ರಕಟವಾದ ತಮ್ಮ ವಿಜಯನಗರ ಚರಿತ್ರೆಯಲ್ಲಿ ಅವುಗಳ ಇಂಗ್ಲಿಷ್ ಅನುವಾದವನ್ನು ಸೇರಿಸಿದರು.

ಪಾಯೆಸ್‌ನ ವರ್ಣನೆಯ ಸಾರಾಂಶವಿಷ್ಟು: ರಾಯನ ತಲೆಯ ಮೇಲೆ ಜರತಾರಿ ಬಟ್ಟೆಯ ಟೊಪ್ಪಿಗೆಯಿತ್ತು, ಅದರ ಆಕಾರ ಸ್ಪೇನಿನ ಗಲೀಷಿಯಾ ಪ್ರಾಂತ್ಯದ ಲೋಹದ ಶಿರಸ್ತ್ರಾಣವನ್ನು ಹೋಲುತ್ತಿತ್ತು, ಅದರ ಮೇಲೆ ನಯವಾದ ರೇಷ್ಮೆಯ ಹೊದಿಕೆಯಿತ್ತು, ಅರಸನು ಬರಿಗಾಲಿನಲ್ಲಿದ್ದನು. ಮಹಾನವಮಿ ಉತ್ಸವದ ಪ್ರಸಂಗದಲ್ಲಿ ಅರಮನೆಯ ಸ್ತ್ರೀಯರನ್ನು ಬಣ್ಣಿಸುವಾಗಲೂ ಆತನು ಅವರ ತಲೆಯ ಎತ್ತರದ ಟೊಪ್ಪಿಗೆಗಳನ್ನು ಹೆಸರಿಸಿ, ಅವುಗಳ ಮೇಲೆ ದಪ್ಪ ಮುತ್ತುಗಳಿಂದ ಮಾಡಿದ ಹೂಗಳಿದ್ದುವೆಂದು ತಿಳಿಸುತ್ತಾನೆ. ನೂನಿಜ್ ಇನ್ನೊಂದು ಸ್ವಾರಸ್ಯವನ್ನು ಸೇರಿಸುತ್ತಾನೆ. ಅರಸನ ಒಂದು ಟೊಪ್ಪಿಗೆಯ ಬೆಲೆ ಸುಮಾರು ೨೦ ಕ್ರುಸಾದೊ ಎಂಬ ಚಿನ್ನದ ನಾಣ್ಯಗಳಂತೆ. ಒಮ್ಮೆ ತಲೆಯಿಂದ ತೆಗೆದ ಟೊಪ್ಪಿಗೆಯನ್ನು ಅರಸನು ಮತ್ತೆ ಧರಿಸುತ್ತಿರಲಿಲ್ಲವಂತೆ. ಇಬ್ಬರೂ ಈ ಟೊಪ್ಪಿಗೆಗೆ ತಮ್ಮ ಕಿವಿಗೆ ಬಿದ್ದ ಸ್ಥಳೀಯ ಹೆಸರನ್ನೇ ಬರೆದಿದ್ದಾರೆ. ಒಬ್ಬನ ಬರಹದಲ್ಲಿ ಅದು ‘ಕೊಲ್ಲಾಯೆ’ ಎಂಬಂತೆಯೂ ಇನ್ನೊಬ್ಬನಲ್ಲಿ ‘ಕುಲಾಯೆ’ ಎಂಬಂತೆಯೂ ಇದೆ. ಪರಭಾಷೆಯ ಲಿಪಿಯ ಮರೆಯಲ್ಲಿ ನಮ್ಮ ಕುಳ್ಳಾಯಿಯೇ ಅಡಗಿ ಕುಳಿತಿರುವುದು ಸ್ಪಷ್ಟ.

ಇವರಿಗಿಂತ ನೂರು ವರ್ಷ ಹಿಂದಿನ ಸಾಕ್ಷಿಯೊಂದು ತೆಲುಗಿನಲ್ಲಿದೆ. ಪ್ರೌಢದೇವರಾಯನ ಆಸ್ಥಾನಕ್ಕೆ ಬಂದಿದ್ದ ಮಹಾಕವಿ ಶ್ರೀನಾಥನದೆಂದು ಪ್ರಸಿದ್ಧವಾದ ಚಾಟುಪದ್ಯವೊಂದರಲ್ಲಿ, ಕವಿಯು ಕನ್ನಡ ರಾಜ್ಯಲಕ್ಷ್ಮಿಯನ್ನು ಸಂಬೋಧಿಸಿ, ತಾನು ಕುಳ್ಳಾಯಿ ಇಟ್ಟುಕೊಂಡದ್ದನ್ನೂ ನಿಲುವಂಗಿ ತೊಟ್ಟದ್ದನ್ನೂ ತನಗೆ ಒಗ್ಗದ ಊಟವನ್ನು ಉಂಡದ್ದನ್ನೂ ಹೇಳಿಕೊಂಡು, ಇನ್ನಾದರೂ ದಯೆತೋರೆಂದು ಬೇಡುತ್ತಾನೆ. ರಾಜಸಭೆಗೆ ಹೋಗಬೇಕಾದರೆ ಕವಿಯಾದವನೂ ಈ ವೇಷವನ್ನು ಧರಿಸಬೇಕಾಗಿತ್ತೆಂಬುದಕ್ಕೆ ಇದಕ್ಕಿಂತ ಸರಸವಾದ ಆಧಾರ ಬೇಕಿಲ್ಲ. ಪಟ್ಟಾಭಿಷೇಕದಂಥ ವಿಶೇಷ ಸಂದರ್ಭಗಳ ಮಾತು ಬೇರೆ. ಆಸ್ಥಾನದ ವೇಷವು ಕುಳ್ಳಾಯಿ ಮತ್ತು ಕಬಾಯಿ. ಅಂದರೆ ಎತ್ತರದ ಟೊಪ್ಪಿಗೆ ಮತ್ತು ಉದ್ದ ತೋಳಿನ ನಿಲುವಂಗಿ.

ಈ ಎರಡು ಮಾತುಗಳೂ ಮೂಲತಃ ದ್ರಾವಿಡವಲ್ಲ, ಸಂಸ್ಕೃತವೂ ಅಲ್ಲ. ಕುಳ್ಳಾಯಿ ಎಂಬುದು ಟೊಪ್ಪಿಗೆ ಎಂಬರ್ಥದ ಪಾರಸಿಯ ‘ಕುಲಾಹ್’ ಶಬ್ದದಿಂದಲೂ, ಕಬಾಯಿ ಎಂಬುದು ಅರಬಿಯ ‘ಕಬಾ’ ಶಬ್ದದಿಂದಲೂ ಬಂದಿವೆ. ಇಷ್ಟನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ ನನಗೇ ಒಂದು ಹೊಳೆಯಿತು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಸುಗೂಸಿನ ತಲೆಗೆ ಕಟ್ಟುವ ಟೊಪ್ಪಿಗೆಗೆ ಏನೆನ್ನುತ್ತೇವೆ? ಕುಲಾವಿ! ತೊಟ್ಟಿಲಿಗೆ ಹಾಕುವ ದಿನ ಕುಂಚಿಗೆ ಕುಲಾವಿಗಳನ್ನು ತರುವ ಅಜ್ಜಿಗೆ, ತಾನು ಹೇಳುತ್ತಿರುವುದು ರಾಯನ ತಲೆಯ ಮೇಲಿದ್ದ ಮಾತು ಎಂಬುದು ಗೊತ್ತಿಲ್ಲ. ಸಿಂಹಾಸನದಿಂದ ಇಳಿದ ಮಾತು ತೊಟ್ಟಿಲಿನಲ್ಲಿ ಮಲಗಿದೆ. ಭಾಷೆಯ ಉಗ್ರಾಣದಲ್ಲಿ ಯಾವುದೂ ಸುಲಭವಾಗಿ ಹಾಳಾಗುವುದಿಲ್ಲ.

೩. ಪ್ರತ್ಯಕ್ಷ

ಮಾತಿನಿಂದ ಹೆಸರು ಸಿಕ್ಕಿತು, ಬಟ್ಟೆ ಸಿಕ್ಕಿತು, ಆಕಾರ ಸಿಕ್ಕಲಿಲ್ಲ. ಆಕಾರಕ್ಕಾಗಿ ಮರುವರ್ಷ ಮತ್ತೆ ಲೇಪಾಕ್ಷಿಗೆ ಹೋದೆವು. ಒಳಮಾಳಿಗೆಯ ಚಿತ್ರವನ್ನು ಕತ್ತೆತ್ತಿ ನೋಡುತ್ತ ಬರೆದುಕೊಳ್ಳುವುದು ಬಲು ಪ್ರಯಾಸದ ಕೆಲಸ. ನಮ್ಮ ಚಿತ್ರಕಲಾ ಅಧ್ಯಾಪಕರು ಉಪಾಯವೊಂದನ್ನು ಸೂಚಿಸಿದರು. ಮಡಿಲಲ್ಲಿ ಕನ್ನಡಿಯಿಟ್ಟುಕೊಂಡು ಕುಳಿತರೆ ಮೇಲಿನ ಚಿತ್ರ ಕೆಳಗೇ ಕಾಣುತ್ತದೆ. ಎಡಬಲಗಳು ಅದಲುಬದಲಾಗಿರುವುದನ್ನು ಮಾತ್ರ ಮರೆಯಬಾರದು. ಮಕ್ಕಳು ಕನ್ನಡಿಗಳನ್ನು ಹಿಡಿದು ಸಾಲಾಗಿ ಕುಳಿತು ಸೀಸದ ಕಡ್ಡಿಯಿಂದ ಬರೆದುಕೊಂಡರು. ಗೋಡೆ ಕಂಬಗಳನ್ನು ಯಾರೂ ಮುಟ್ಟಲಿಲ್ಲ.

ಅಳತೆಯ ಪ್ರಶ್ನೆ ಎದುರಾದಾಗ ನಮ್ಮ ಶಿಲ್ಪಶಾಸ್ತ್ರ ಸಹಾಯಕ್ಕೆ ಬಂದಿತು. ಪ್ರತಿಮೆಯ ಮುಖದ ಉದ್ದವೇ ಒಂದು ತಾಲ, ಅದರ ಹನ್ನೆರಡನೆಯ ಒಂದು ಪಾಲೇ ಅಂಗುಲ ಎಂಬ ಕ್ರಮವನ್ನು ಶಿಲ್ಪಿಗಳು ಬಲ್ಲರು. ಚಿತ್ರ ಎಷ್ಟು ದೊಡ್ಡದಾಗಿದ್ದರೂ ಚಿಕ್ಕದಾಗಿದ್ದರೂ, ಅದರಲ್ಲಿರುವ ಮುಖದಿಂದಲೇ ಅದರ ಟೊಪ್ಪಿಗೆಯನ್ನು ಅಳೆದರೆ ಪ್ರಮಾಣ ಕೆಡುವುದಿಲ್ಲ. ಮಕ್ಕಳು ಬರೆದ ರೇಖೆಗಳನ್ನು ಹೀಗೆ ಅಳೆದಾಗ ಟೊಪ್ಪಿಗೆಗಳ ಎತ್ತರ ಒಂದು ತಾಲದಿಂದ ಒಂದೂವರೆ ತಾಲದವರೆಗೆ ಬಂದಿತು. ಬುಡ ಹಣೆಯನ್ನು ಬಿಗಿದಪ್ಪಿರುತ್ತದೆ. ಮೇಲೆ ಹೋದಂತೆ ಕಿರಿದಾಗುತ್ತದೆ. ತುದಿ ಮೊನಚಾಗಿರದೆ ಗುಂಡಾಗಿ ಮುಗಿಯುತ್ತದೆ.

ಅಲ್ಲಿಂದ ತಿರುಮಲೆಗೆ ಹೋದೆವು. ಮಹಾದ್ವಾರವನ್ನು ದಾಟಿದೊಡನೆ ಇರುವ ಪ್ರತಿಮಾಮಂಟಪದಲ್ಲಿ ಕೃಷ್ಣದೇವರಾಯನು ತಿರುಮಲದೇವಿ ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತಿದ್ದಾನೆ. ಈ ಸಲ ನಾನು ನೋಡಿದೆ. ಅರಸನ ತಲೆಯ ಮೇಲೆ ಎತ್ತರದ ಕುಳ್ಳಾಯಿಯೇ ಇದೆ. ನನ್ನ ಪಕ್ಕದಲ್ಲಿದ್ದ ಆ ಹುಡುಗಿ ಏನೂ ಹೇಳಲಿಲ್ಲ. ಒಮ್ಮೆ ಪ್ರತಿಮೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು, ಅಷ್ಟೆ.

ಪ್ರತ್ಯಕ್ಷವೆಂದ ಮಾತ್ರಕ್ಕೆ ಕಂಡದ್ದೆಲ್ಲ ಪ್ರಮಾಣವಾಗುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಟೊಪ್ಪಿಗೆ ಧರಿಸಿದವರು ಹಲವರಿದ್ದಾರೆ. ಆದರೆ ಅವರಲ್ಲಿ ಪರದೇಶೀಯರೂ ಇರುವುದರಿಂದ ಅವರ ಟೊಪ್ಪಿಗೆಯನ್ನು ತಂದು ರಾಯನ ತಲೆಗಿಡುವುದು ಅವಿವೇಕವಾದೀತು. ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಿತ್ರಗಳು ಮನೋಹರವಾಗಿವೆ. ಆದರೆ ಅವುಗಳ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ, ಅವು ಬಹಳ ಈಚಿನವೆಂಬ ವಾದವೂ ಇದೆ. ಅದಕ್ಕಾಗಿ ಅವನ್ನು ನಾವು ಆಧಾರವಾಗಿ ಬಳಸಲಿಲ್ಲ. ಇನ್ನು ದೇವತಾಮೂರ್ತಿಗಳ ಕಿರೀಟಮಕುಟ, ಕರಂಡಮಕುಟ, ಜಟಾಮಕುಟಗಳು ಶಾಸ್ತ್ರವಿಹಿತವಾದ ಲಕ್ಷಣಗಳು. ಅವು ಮನುಷ್ಯರು ದಿನವೂ ಧರಿಸಿದ ಉಡುಪಿನ ವರದಿಯಲ್ಲ. ಈ ಭೇದವನ್ನು ಮರೆತದ್ದೇ ನನ್ನ ರಟ್ಟಿನ ಕಿರೀಟದ ಮೂಲ. ದೇವರ ತಲೆಯ ಮೇಲಿನದನ್ನು ತಂದು ಅರಸನ ತಲೆಗೆ ಇಟ್ಟಿದ್ದೆ.

೪. ಕೈಕೆಲಸ

ಚಿತ್ರವು ಹೊರಗಿನ ಆಕಾರವನ್ನು ಹೇಳುತ್ತದೆ. ಒಳಗಿನ ಹೊಲಿಗೆಯನ್ನು ಹೇಳುವುದಿಲ್ಲ. ಅದು ಅನುಮಾನದ ಕ್ಷೇತ್ರ, ಇಲ್ಲಿ ಅನುಮಾನಕ್ಕೆ ಸಾಧನ ಕೈ. ಟೊಪ್ಪಿಗೆ ಧರಿಸಬೇಕಾಗಿದ್ದ ಹುಡುಗನ ಮುಖದ ಉದ್ದ ೧೮ ಸೆಂಟಿಮೀಟರು, ತಲೆಯ ಸುತ್ತಳತೆ ೫೪. ಒಂದೂವರೆ ತಾಲವೆಂದರೆ ೨೭ ಸೆಂಟಿಮೀಟರು ಎತ್ತರ. ನಮ್ಮ ಗಣಿತದ ಅಧ್ಯಾಪಕರು ಇದನ್ನು ಶಂಕುವೆಂದು ಭಾವಿಸಿ ಲೆಕ್ಕಹಾಕಿದರು. ಓರೆಯ ಎತ್ತರ ೨೮.೩ ಸೆಂಟಿಮೀಟರು ಬರುವುದರಿಂದ, ಅಷ್ಟೇ ತ್ರಿಜ್ಯದ ವೃತ್ತದಿಂದ ೧೦೯ ಅಂಶದ ಒಂದು ಹೋಳನ್ನು ಕತ್ತರಿಸಿ ಸುತ್ತಿದರೆ ಬೇಕಾದ ಶಂಕು ಸಿದ್ಧವಾಗುತ್ತದೆ. ಲೆಕ್ಕ ಸರಿಯಾಗಿತ್ತು, ಟೊಪ್ಪಿಗೆ ಸರಿಯಾಗಲಿಲ್ಲ. ರಟ್ಟಿನಲ್ಲಿ ಮಾಡಿದಾಗ ಜಾತ್ರೆಯ ತುತ್ತೂರಿಯಂತೆ ಕಂಡಿತು. ಬಟ್ಟೆಯಲ್ಲಿ ಮಾಡಿದಾಗ ತುದಿ ಸೊರಗಿ ಪಕ್ಕಕ್ಕೆ ಬಾಗಿತು. ಬಟ್ಟೆಯ ಮೇಲಿನ ಹೂಗಳೆಲ್ಲ ಓರೆಯಾಗಿ ತಿರುಗಿದವು.

ಆ ಹೊತ್ತಿಗೆ ಒಬ್ಬ ವಿದ್ಯಾರ್ಥಿಯ ಅಜ್ಜಿ ಶಾಲೆಗೆ ಬಂದಿದ್ದರು. ಓಣಿಯ ಕೂಸುಗಳಿಗೆಲ್ಲ ಕುಲಾವಿ ಹೊಲಿದುಕೊಟ್ಟ ಕೈ ಅವರದು. ನಮ್ಮ ಪರದಾಟವನ್ನು ನೋಡಿ, “ಇದಕ್ಕ ಇಷ್ಟ್ಯಾಕ ಲೆಕ್ಕಾರೀ ಗುರುಗಳ? ನಾಕು ಹೋಳ ಮಾಡ್ರಿ, ಕೂಸಿನ ಕುಲಾವಿ ಹೊಲದಂಗ ಹೊಲೀರಿ” ಎಂದರು. ನಾನು ಶಬ್ದದಲ್ಲಿ ಕಂಡ ಸಂಬಂಧವನ್ನು ಅವರು ಕತ್ತರಿಯಲ್ಲಿ ಕಂಡಿದ್ದರು. ನಾಲ್ಕು ಹೋಳುಗಳಾದರೆ ಪ್ರತಿಯೊಂದರ ಅಂಚನ್ನೂ ನೇರವಾಗಿ ಕತ್ತರಿಸದೆ ಎಲೆಯ ಅಂಚಿನಂತೆ ಸ್ವಲ್ಪ ಉಬ್ಬಿಸಬಹುದು. ಆ ಉಬ್ಬಿನಿಂದಲೇ ತುದಿ ತಾನಾಗಿ ಗುಂಡಾಗುತ್ತದೆ. ಹೋಳುಗಳು ನೇರವಾಗಿ ನಿಲ್ಲುವುದರಿಂದ ಬಟ್ಟೆಯ ಹೂಗಳೂ ನೇರವಾಗಿ ನಿಲ್ಲುತ್ತವೆ. ರಾಯನ ಕಾಲದ ದರ್ಜಿಗಳೂ ಹೀಗೆಯೇ ಮಾಡಿದರೆಂದು ನಾನು ಪ್ರತಿಜ್ಞೆ ಮಾಡಲಾರೆ. ಚಿತ್ರದಲ್ಲಿರುವ ಆಕಾರ ಈ ವಿಧಾನದಿಂದ ಬರುತ್ತದೆ ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಟೊಪ್ಪಿಗೆ ನೆಟ್ಟಗೆ ನಿಲ್ಲಲು ಒಳಗೆ ಬಿಗುವು ಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಮರದ ಗೊಂಬೆಗಳ ಕೆಲಸದಲ್ಲಿ ಹುಣಸೆಬೀಜದ ಅಂಟನ್ನು ಬಳಸುವುದನ್ನು ಬಲ್ಲ ನಾವು ಅದನ್ನೇ ಆರಿಸಿಕೊಂಡೆವು. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ನೀರಿನಲ್ಲಿ ಕುದಿಸಿದರೆ ಒಳ್ಳೆಯ ಅಂಟು ದೊರೆಯುತ್ತದೆ. ಕುಂಬಾರರಿಂದ ಮಣ್ಣಿನ ಅಚ್ಚೊಂದನ್ನು ಮಾಡಿಸಿ, ಅಂಟಿಕೊಳ್ಳದಂತೆ ಬೂದಿ ಸವರಿ, ಹಳೆಯ ಧೋತರದ ಬಟ್ಟೆಯನ್ನು ಒಂದರ ಮೇಲೊಂದರಂತೆ ನಾಲ್ಕು ಪದರ ಅಂಟಿಸಿ ಎರಡು ದಿನ ಬಿಸಿಲಿನಲ್ಲಿ ಒಣಗಿಸಿದೆವು. ಒಣಗಿದ ಮೇಲೆ ಅದು ರಟ್ಟಿನಂತೆ ಗಟ್ಟಿಯಾಯಿತು, ಆದರೆ ರಟ್ಟಿನಂತೆ ಮುರಿಯಲಿಲ್ಲ.

ಮೊದಲನೆಯದು ತಲೆಗೆ ಹಿಡಿಸಲಿಲ್ಲ. ಅಚ್ಚಿನ ಸುತ್ತಳತೆಯನ್ನು ತಲೆಯಷ್ಟೇ ಇಟ್ಟಿದ್ದೆವು. ಒಳಗಿನ ಮೆತ್ತನೆಯ ಬಟ್ಟೆಗೆ ಬೇಕಾದ ಜಾಗವನ್ನು ಮರೆತಿದ್ದೆವು. ಎರಡನೆಯದಕ್ಕೆ ಅಚ್ಚನ್ನು ೫೬ ಸೆಂಟಿಮೀಟರಿಗೆ ಏರಿಸಿದೆವು. ಮೇಲಿನ ಬಟ್ಟೆಯ ಪ್ರತಿ ಹೋಳಿನ ಬುಡಕ್ಕೆ ೧೪ ಸೆಂಟಿಮೀಟರು, ಹೊಲಿಗೆಗೆ ಎರಡೂ ಕಡೆ ಒಂದೊಂದು, ಒಟ್ಟು ೧೬. ಆ ಟೊಪ್ಪಿಗೆಯನ್ನು ಕಪಾಟಿನಲ್ಲಿಟ್ಟು ಮಳೆಗಾಲ ಕಳೆಯುವಷ್ಟರಲ್ಲಿ ಜಿರಲೆಗಳು ಅಂಟಿನ ಆಸೆಗೆ ಅಂಚನ್ನೆಲ್ಲ ಕೊರೆದುಹಾಕಿದ್ದವು. ಮೂರನೆಯದಕ್ಕೆ ಅಂಟಿನಲ್ಲಿ ಬೇವಿನೆಲೆಯ ಕಷಾಯ ಸೇರಿಸಿದೆವು. ಅದು ಉಳಿಯಿತು.

ಹೊರಗಿನ ಹೊದಿಕೆಗೆ ಅಂದಿನಂಥ ಜರತಾರಿ ಬಟ್ಟೆಯನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ನಮ್ಮ ತಾಯಂದಿರು ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣವನ್ನು ತಂದೆವು. ಇದು ವಿಜಯನಗರದ ಬಟ್ಟೆಯಲ್ಲ, ನಮ್ಮ ಅನುಕೂಲದ ಬಟ್ಟೆ ಎಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿದೆ. ಪಾಯೆಸ್ ಹೇಳಿದ ಅರಮನೆಯ ಸ್ತ್ರೀಯರ ಟೊಪ್ಪಿಗೆಯೂ ಒಂದಾಗಬೇಕೆಂದು ಹುಡುಗಿಯರು ಹಟ ಹಿಡಿದರು. ಅದಕ್ಕೆ ಕೃತಕ ಮುತ್ತುಗಳನ್ನು ಪೋಣಿಸಿ ಹೂಗಳನ್ನು ಮಾಡಿದವರು ಅವರೇ.

ಮಾಡಿ ಮುಗಿಸಿದ ಮೇಲೆ ಗ್ರಂಥ ಹೇಳದಿದ್ದ ಒಂದೆರಡು ಪಾಠಗಳು ದೊರೆತವು. ಕುಳ್ಳಾಯಿಯ ತೂಕ ೧೮೦ ಗ್ರಾಮಷ್ಟೇ. ಆದರೂ ಅದನ್ನು ಧರಿಸಿದ ಹುಡುಗನು ಬೆನ್ನು ಬಾಗಿಸಿ ನಿಲ್ಲಲಾರದೆ ಹೋದನು. ತಲೆ ತಗ್ಗಿಸಿದರೆ ಟೊಪ್ಪಿಗೆ ಜಾರುತ್ತದೆ. ಜಾರಬಾರದೆಂದರೆ ಕತ್ತು ನೆಟ್ಟಗಿರಬೇಕು. ಎಷ್ಟು ಹೇಳಿದರೂ ಕಲಿಯದ ರಾಜಗಾಂಭೀರ್ಯವನ್ನು ಟೊಪ್ಪಿಗೆಯೇ ಅವನಿಗೆ ಒಂದು ಗಳಿಗೆಯಲ್ಲಿ ಕಲಿಸಿತು. ಎರಡನೆಯದು, ಒಂದು ದಿನದ ತಾಲೀಮಿನಲ್ಲೇ ಬೆವರಿಗೆ ಅಂಚು ಮೆತ್ತಗಾಗಿ ಕಲೆಗಟ್ಟಿತು. ಒಮ್ಮೆ ತೆಗೆದದ್ದನ್ನು ಅರಸನು ಮತ್ತೆ ಧರಿಸುತ್ತಿರಲಿಲ್ಲವೆಂಬ ನೂನಿಜ್‌ನ ಮಾತನ್ನು ನಾವು ಬರಿಯ ವೈಭವದ ಅತಿಶಯೋಕ್ತಿಯೆಂದುಕೊಂಡಿದ್ದೆವು. ಅಂದಿನ ಟೊಪ್ಪಿಗೆಯೂ ಹೀಗೆ ಅಂಟಿನಿಂದ ಬಿಗಿಸಿದ್ದಾಗಿದ್ದರೆ, ಆ ವೈಭವದ ಹಿಂದೆ ಬೆವರಿನ ಕಾರಣವೂ ಇದ್ದಿರಬಹುದು. ಇದು ಊಹೆ, ಆದರೆ ಸೂಜಿ ಹಿಡಿಯದಿದ್ದರೆ ಈ ಊಹೆಯೂ ನಮಗೆ ಹೊಳೆಯುತ್ತಿರಲಿಲ್ಲ.

೫. ಪೂರ್ವಪಕ್ಷ ಮತ್ತು ಸಮಾಧಾನ

ನಾಟಕದ ತಾಲೀಮನ್ನು ನೋಡಲು ಬಂದಿದ್ದ, ನಮ್ಮ ಶಾಲೆಯ ಹಿತೈಷಿಗಳಾದ ಹಿರಿಯರೊಬ್ಬರು ಟೊಪ್ಪಿಗೆಯನ್ನು ಕಂಡು ಅಸಮಾಧಾನಗೊಂಡರು. “ಗುರುಗಳ, ಇದು ಸುಲ್ತಾನರ ಟೊಪಗಿ ಇದ್ದಂಗೈತಿ. ನಮ್ಮ ರಾಯರ ತಲೀಮ್ಯಾಲೆ ಇದನ್ನ ಯಾಕ ಇಟ್ರಿ? ಕಿರೀಟ ತಗೀಬ್ಯಾಡ್ರಿ” ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ರಾಯನ ಮೇಲಿನ ಅಭಿಮಾನವಿತ್ತು. ಅಂಥ ಅಭಿಮಾನಕ್ಕೆ ನೋವಾಗದಂತೆ, ಆದರೆ ಸತ್ಯಕ್ಕೆ ಕುಂದು ಬಾರದಂತೆ ಉತ್ತರಿಸುವ ಹೊಣೆ ನನ್ನದಾಗಿತ್ತು. ಅವರನ್ನು ಕುಳ್ಳ್ಳಿರಿಸಿ ಮೂರು ಮಾತು ಹೇಳಿದೆ.

ಮೊದಲನೆಯದಾಗಿ, ಇದನ್ನು ರಾಯನ ತಲೆಯ ಮೇಲೆ ಇಟ್ಟವನು ನಾನಲ್ಲ. ತಿರುಮಲೇಶನ ಸನ್ನಿಧಿಯಲ್ಲಿ ಕೈಮುಗಿದು ನಿಂತಿರುವ ರಾಯನ ತಲೆಯ ಮೇಲೆಯೇ ಅದು ಇದೆ. ದೇವರ ಎದುರಿಗೆ ತನ್ನ ಭಕ್ತಿಗೆ ಕುಂದೆಂದು ತೋರದಿದ್ದುದು ನಮ್ಮ ಶಾಲೆಯ ರಂಗದ ಮೇಲೆ ಕುಂದಾಗುವುದು ಹೇಗೆ?

ಎರಡನೆಯದಾಗಿ, ವಿಜಯನಗರದ ಅರಸರು ೧೪ನೆಯ ಶತಮಾನದಿಂದಲೇ ಶಾಸನಗಳಲ್ಲಿ ‘ಹಿಂದೂರಾಯಸುರತ್ರಾಣ’ ಎಂಬ ಬಿರುದನ್ನು ಧರಿಸಿದರು. ಸುರತ್ರಾಣವೆಂದರೆ ಸುಲ್ತಾನ ಎಂಬ ಮಾತಿನ ಸಂಸ್ಕೃತ ರೂಪ. ಸುರರನ್ನು ಕಾಪಾಡುವವನೆಂದು ಅದಕ್ಕೆ ಅರ್ಥವೂ ಹೊಂದುವಂತೆ ನಮ್ಮ ಪಂಡಿತರು ಕಟ್ಟಿದರು. ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ ಅವರು ೧೯೯೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಬಿರುದನ್ನೂ ಈ ವೇಷವನ್ನೂ ಒಟ್ಟಿಗೆ ವಿವೇಚಿಸಿದ್ದಾರೆ. ಅಂದಿನ ದೊಡ್ಡ ಜಗತ್ತಿನ ರಾಜಸಭೆಗಳಲ್ಲಿ ಮಾನ್ಯವಾಗಿದ್ದ ವೇಷವನ್ನು ವಿಜಯನಗರವು ತನ್ನ ಘನತೆಗಾಗಿ ಸ್ವೀಕರಿಸಿತು, ಅದರಿಂದ ತನ್ನ ಧರ್ಮವನ್ನೇನೂ ಕಳೆದುಕೊಳ್ಳಲಿಲ್ಲ ಎಂಬುದು ಅವರ ವಾದದ ತಿರುಳು. ೧೪೪೩ರಲ್ಲಿ ಪಾರಸಿಕ ದೊರೆಯ ರಾಯಭಾರಿಯಾಗಿ ಅಬ್ದುರ್ ರಜಾಕನು ಬಂದ ಆಸ್ಥಾನವಿದು. ಕುದುರೆಯ ವ್ಯಾಪಾರಕ್ಕಾಗಿ ಸಮುದ್ರದಾಚೆಯವರು ಬಂದು ನಿಂತ ಬಾಗಿಲಿದು. ನಾಲ್ಕು ದೇಶಗಳ ಕಣ್ಣು ತನ್ನ ಮೇಲಿದ್ದ ಅರಸನು ಆ ಕಣ್ಣುಗಳಿಗೆ ಅರಸನೆಂದು ತಿಳಿಯುವ ವೇಷವನ್ನು ತೊಟ್ಟನು.

ಮೂರನೆಯ ಮಾತನ್ನು ಹೇಳಲು ನನಗೆ ಸ್ವಲ್ಪ ಸಂಕೋಚವಾಯಿತು. ಆ ಹಿರಿಯರ ತಲೆಯ ಮೇಲೆ ಒಪ್ಪವಾಗಿ ಸುತ್ತಿದ ಬಿಳಿಯ ರುಮಾಲು ಇತ್ತು. “ಯಜಮಾನರೇ, ತಮ್ಮ ತಲೆಯ ಮೇಲಿರುವ ರುಮಾಲು ಕೂಡ ಪಾರಸಿಯ ಮಾತೇ. ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವಂಥದು” ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ರುಮಾಲನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡು, ಗಟ್ಟಿಯಾಗಿ ನಕ್ಕರು. “ಹಂಗಾದ್ರ ಇದನ್ನೇನ್ ಮಾಡ್ಲ್ರಿ ಈಗ?” ಎಂದು ಕೇಳಿದರು. “ತಮ್ಮ ತಂದೆಯವರು ಸುತ್ತಿದ್ದು, ಅವರ ತಂದೆಯವರು ಸುತ್ತಿದ್ದು, ಅದು ತಮ್ಮದೇ. ಕುಳ್ಳಾಯಿಯೂ ಹಾಗೆಯೇ ರಾಯರದು” ಎಂದೆ. ಮರುದಿನ ಅವರ ಮನೆಯಿಂದ ಹಳೆಯ ರೇಷ್ಮೆ ಸೀರೆಯೊಂದರ ಜರಿಯ ಅಂಚು ಬಂದಿತು. ನಮ್ಮ ಕುಳ್ಳಾಯಿಯ ಬುಡದಲ್ಲಿ ಇಂದು ಹೊಳೆಯುತ್ತಿರುವುದು ಅದೇ.

೬. ಉಪಸಂಹಾರ

ಎರಡು ಕುಳ್ಳಾಯಿಗಳೂ ಈಗ ಶಾಲೆಯ ಗಾಜಿನ ಕಪಾಟಿನಲ್ಲಿವೆ. ಅವುಗಳ ಮುಂದೆ ಮಕ್ಕಳು ಮೂರು ಚೀಟಿಗಳನ್ನು ಬರೆದಿಟ್ಟಿದ್ದಾರೆ. ‘ಸಾಕ್ಷಿಯಿಂದ ತಿಳಿದದ್ದು’ ಎಂಬ ಮೊದಲನೆಯದರಲ್ಲಿ ಹೆಸರು, ಎತ್ತರ, ಆಕಾರ, ಮುತ್ತಿನ ಹೂ. ‘ಊಹಿಸಿದ್ದು’ ಎಂಬ ಎರಡನೆಯದರಲ್ಲಿ ನಾಲ್ಕು ಹೋಳಿನ ಹೊಲಿಗೆ ಮತ್ತು ಅಂಟಿನ ಪದರ. ‘ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು’ ಎಂಬ ಮೂರನೆಯದರಲ್ಲಿ ಖಣ, ಕೃತಕ ಮುತ್ತು, ಬೇವಿನ ಕಷಾಯ. ಹಳೆಯದನ್ನು ಮರಳಿ ಕಟ್ಟುವ ಯಾರಿಗೇ ಆಗಲಿ ಈ ಮೂರರ ಗಡಿಗಳು ಕಲಸಿಹೋಗಬಾರದು. ಕಲಸಿದರೆ ಮುಂದಿನವರಿಗೆ ನಾವು ಹೊಸದೊಂದು ರಟ್ಟಿನ ಕಿರೀಟವನ್ನೇ ಬಿಟ್ಟುಹೋದಂತಾಗುತ್ತದೆ.

ಆ ಹಳೆಯ ಕಿರೀಟವನ್ನು ನಾನು ಎಸೆಯಲಿಲ್ಲ. ಅದೇ ಕಪಾಟಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದೇನೆ. ಅದನ್ನು ಧರಿಸಿ ರಾಯನ ಪಾತ್ರವನ್ನು ಚೆನ್ನಾಗಿ ನಿರ್ವಹಿಸಿದ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ಓದುತ್ತಿರಬಹುದು. ಅವರಲ್ಲಿ ಕೆಲವರು ಇಂದು ಇದೇ ಶಾಲೆಯ ಅಧ್ಯಾಪಕರೂ ದಾನಿಗಳೂ ಆಗಿದ್ದಾರೆ. ಕಿರೀಟ ತೊಡಿಸುವ ನೆಪದಲ್ಲಿ ಇಷ್ಟು ವರ್ಷ ನಿಮಗೆಲ್ಲ ನಾನು ಟೋಪಿ ಹಾಕಿದೆನೆಂದು ಒಪ್ಪಿಕೊಂಡು ಕ್ಷಮೆ ಬೇಡುತ್ತೇನೆ. ಜೊತೆಗೆ ಒಂದು ವಿನಂತಿ. ನಿಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಅಜ್ಜನ ಪಟಕ, ಜರಿಯ ಟೊಪ್ಪಿಗೆ, ಕೂಸಿನ ಕುಲಾವಿ ಏನಾದರೂ ಇದ್ದರೆ ಒಗೆಯದೆ, ಇಸ್ತ್ರಿ ಮಾಡದೆ, ಧರಿಸಿದವರ ಹೆಸರನ್ನೂ ಸುಮಾರು ವರ್ಷವನ್ನೂ ಬರೆದು ಶಾಲೆಗೆ ತೋರಿಸಿರಿ. ಮಕ್ಕಳು ಅಳತೆ ತೆಗೆದುಕೊಂಡು, ಹೊಲಿಗೆಯನ್ನು ನೋಡಿಕೊಂಡು ಮರಳಿ ಕೊಡುವರು.

ಕೊನೆಯದಾಗಿ ಇನ್ನೊಂದು ಮಾತು. ವಾರ್ಷಿಕೋತ್ಸವದ ರಾತ್ರಿ ನಾಟಕ ಮುಗಿದು, ಕುಳ್ಳಾಯಿ ಧರಿಸಿದ ರಾಯನಿಗೆ ಸಭೆಯಿಂದ ದೀರ್ಘವಾದ ಕರತಾಡನವಾಯಿತು. ನಾನು ಸಂತೋಷದಿಂದ ಪರದೆಯ ಹಿಂದೆ ನಿಂತಿದ್ದಾಗ ಲೇಪಾಕ್ಷಿಯ ಆ ಹುಡುಗಿ ಹತ್ತಿರ ಬಂದಳು. “ಸರ, ಪಾಯೆಸ್ ನೋಡಿದಾಗ ರಾಯ ಬರಿಗಾಲಲ್ಲಿದ್ದ ಅಂತ ಪಾಠದಾಗ ಹೇಳಿದ್ರಿ. ನಮ್ಮ ರಾಯ ಇವತ್ತ ಜರತಾರಿ ಚಡಾವು ಹಾಕ್ಕೊಂಡಿದ್ನಲ್ರಿ?” ಎಂದಳು.

ಮುಂದಿನ ವರ್ಷದ ನಾಟಕದಲ್ಲಿ ಅದನ್ನು ತಿದ್ದಿಕೊಳ್ಳುತ್ತೇವೆ.